ಬ್ಲಾಕ್ ಆದವರ ಉಪದೇಶ

ಬಂಟ್ವಾಳ ತಾಲ್ಲೂಕಿನ ವಾಮದಪದವಿನಂಥ ಊರಿನಲ್ಲಿ ಅಡಿಕೆ ಕೃಷಿಕರ ವಾಟ್ಸ್‌ಆ್ಯಪ್ ಬಳಗವೊಂದು ಒಡೆಯಲು ರಾಜಕಾರಣವೇ ಬೇಕೆಂದಿಲ್ಲ. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೊ ಮೈಲುತುತ್ತು ಮತ್ತು ಸುಣ್ಣ ಬೆರೆಸಿ, ಕೊಳೆರೋಗ ತಡೆಯಲು ತಯಾರಿಸುವ ಶೇಕಡ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಬಿಡಬೇಕೋ ಅನಂತರವೋ ಎಂಬ ಪ್ರಶ್ನೆಯೇ ಸಾಕು. ಅಂಥದ್ದೊಂದು ಕಲ್ಪಿತ ಬಳಗದ ಹಿರಿಯರೊಬ್ಬರು ನೆರೆತೋಟದವರನ್ನು ಬ್ಲಾಕ್ ಮಾಡಿ, ಅಂದರೆ ಅವರ ಖಾಸಗಿ ಸಂದೇಶ ಹಾಗೂ ಕರೆಗಳು ತಮ್ಮನ್ನು ತಲುಪದಂತೆ ತಡೆದು, ಮರುದಿನವೇ ಸೋದರಳಿಯನನ್ನು ಕರೆಯುತ್ತಾರೆ.

“ಬ್ಲಾಕ್ ಮಾಡಿಯೂ ಅವನ ಉಪದೇಶ ಬರ್ತಾ ಉಂಟಲ್ಲ ಮಾರಾಯ, ಇದೆಂತ?”

“ಗ್ರೂಪಿನಲ್ಲಿ ಹಾಕಿದ್ದು ಬಂದೇ ಬರ್ತದೆ ಮಾವ.”

“ಹಾಗಾದರೆ ಮ್ಯೂಟ್?”

“ಅದು ಸದ್ದು ಮಾತ್ರ ನಿಲ್ಲಿಸುವುದು, ಅದೂ ಇಡೀ ಗ್ರೂಪಿನದ್ದು.”

ಊರೆಲ್ಲ ಸೇರಿ ಒಂದು ಮನೆಯನ್ನು ಹೊರಗಿಡುತ್ತಿದ್ದ ಬಹಿಷ್ಕಾರವು, ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾನೂನನ್ನೇ ರೂಪಿಸಬೇಕಾದಷ್ಟು ಕ್ರೂರವಾಗಿದ್ದರೆ, ಬೆರಳ ತುದಿಯ ಈ ಬಹಿಷ್ಕಾರದ ಸುದ್ದಿಯನ್ನು ವಾಟ್ಸ್‌ಆ್ಯಪ್ ಬಹಿಷ್ಕೃತರಿಗೆ ತಿಳಿಸುವುದೇ ಇಲ್ಲವಾದ್ದರಿಂದ, ಒಂಟಿ ಟಿಕ್ಕಿನಲ್ಲಿ ನಿಂತ ತಮ್ಮ ಸಂದೇಶವನ್ನು ನೋಡಿದ ನೆರೆಯವರು ನೆಟ್‌ವರ್ಕನ್ನು ಶಪಿಸಿ ಸುಖವಾಗಿ ನಿದ್ರಿಸುತ್ತಾರೆ (ಮಳೆಗಾಲದಲ್ಲಿ ಆ ಶಾಪ ತೀರಾ ಅಸಂಗತವೂ ಅಲ್ಲ). ಎಚ್ಚರವಾಗಿರುವವರು ಬ್ಲಾಕ್ ಮಾಡಿದವರು ಮಾತ್ರ.

“ಅವನಿಗೆ ಗೊತ್ತೇ ಆಗುವುದಿಲ್ವಾ? ಮತ್ತೆ ಬ್ಲಾಕ್ ಮಾಡಿ ಎಂತ ಪ್ರಯೋಜನ?”

“ಅಷ್ಟು ಕಷ್ಟವಾದರೆ ಗ್ರೂಪಿನಿಂದ ನೀವೇ ಹೊರಗೆ ಬನ್ನಿ ಮಾವ.”

“ಬಂದರೆ ಅವನು ಯಾವಾಗ ಮದ್ದು ಬಿಡ್ತಾನೆ ಅಂತ ನಮಗೆ ಗೊತ್ತಾಗುವುದು ಹೇಗೆ?”