ಅಪ್ಸುವಿನ ಮಧ್ಯಾಹ್ನದ ನಿದ್ದೆ

ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವ ವ್ರತವನ್ನು ನಾನು ನಿವೃತ್ತನಾದಂದಿನಿಂದ ತಪ್ಪದೆ ನಡೆಸಿಕೊಂಡು ಬಂದಿದ್ದೇನೆ. ಹುಳಿಯನ್ನ, ಮಜ್ಜಿಗೆಯನ್ನ, ಎರಡು ಅಡಿಕೆ ಚೂರು, ಆಮೇಲೆ ಚಾಪೆ. ಈ ವ್ರತಕ್ಕೆ ಭಂಗ ಬರುವುದು ವರ್ಷಕ್ಕೊಂದೇ ಸಲ, ಮೊಮ್ಮಕ್ಕಳಿಗೆ ಬೇಸಿಗೆ ರಜೆ ಬಂದಾಗ. ಆದರೆ ಆ ಭಂಗ ಎರಡು ತಿಂಗಳು ಇರುತ್ತದೆ.

ಮೊನ್ನೆ ಇನ್ನೇನು ಜೊಂಪು ಹತ್ತಬೇಕು, ಅಂಗಳದಲ್ಲಿ ‘ಔಟು!’, ‘ಅಲ್ಲ ಕಣೋ, ನೋ ಬಾಲು!’ ಎಂದು ಕುರುಕ್ಷೇತ್ರ ಶುರುವಾಯಿತು. ಮನೆಯ ಇಬ್ಬರ ಜೊತೆಗೆ ಪಕ್ಕದ ಮನೆಯ ಮೂವರು. ಕಿಟಕಿಯಿಂದ ಮೂರು ಸಲ ಗದರಿದೆ. ನಾಲ್ಕನೆಯ ಸಲ ಚೆಂಡೇ ಕಿಟಕಿ ದಾಟಿ ಬಂದು, ಮಜ್ಜಿಗೆಯನ್ನ ಜೀರ್ಣವಾಗುತ್ತಿದ್ದ ಜಾಗಕ್ಕೆ ಸರಿಯಾಗಿ ಬಿತ್ತು. ಹಸಿರು ಟೆನಿಸ್ ಚೆಂಡು. ನನಗೆ ವೀರಾವೇಶ ಬಂತು. ನೆಟ್ಟಗೆ ಅಡಿಗೆಮನೆಗೆ ಹೋಗಿ, ಈಳಿಗೆ ಮಣೆ ಹಾಕಿಕೊಂಡು ಕೂತು, ಆ ಚೆಂಡನ್ನು ಎರಡು ಹೋಳು ಮಾಡಿದೆ. ಅದರ ಜೊತೆಗೆ ಎಡಗೈ ಹೆಬ್ಬೆರಳನ್ನೂ ಸ್ವಲ್ಪ.

ನನ್ನಾಕೆ ಓಡಿ ಬಂದು ಗಾಯಕ್ಕೆ ಅರಿಶಿನ ಒತ್ತುತ್ತಾ, “ಅಲ್ಲಾರೀ, ಮದುವೆಯಾದಂದಿನಿಂದ ಒಂದು ದಿನ ಬದನೆಕಾಯಿ ಹೆಚ್ಚಿಕೊಟ್ಟವರಲ್ಲ. ಇವತ್ತು ಚೆಂಡು ಹೆಚ್ಚೋಕೆ ಕೂತಿದ್ದೀರಲ್ಲ!” ಎಂದಳು. ನಾನು ಉತ್ತರ ಕೊಡಲಿಲ್ಲ. ಬೆರಳು ಚುರುಗುಟ್ಟುತ್ತಿದ್ದರೂ ಮನಸ್ಸು ಬ್ಯಾಬಿಲೋನಿಗೆ ಹೊರಟುಹೋಗಿತ್ತು.

ನಗಬೇಡಿ. ಬ್ಯಾಬಿಲೋನಿನವರ ಸೃಷ್ಟಿಕಥೆ ‘ಎನೂಮ ಎಲಿಶ್’ ಇದೆಯಲ್ಲ, ಏಳು ಮಣ್ಣಿನ ಹಲಗೆಗಳ ಮೇಲೆ ಮೊಳೆ ಲಿಪಿಯಲ್ಲಿ ಕೊರೆದದ್ದು, ಅದರ ಜಗಳ ಶುರುವಾಗುವುದೂ ನಿದ್ದೆಯಿಂದಲೇ. ಮೊದಲಿಗೆ ಇದ್ದವರು ಇಬ್ಬರೇ. ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್. ಅವರ ನೀರು ಒಂದಕ್ಕೊಂದು ಬೆರೆತು ದೇವತೆಗಳು ಹುಟ್ಟಿದರು, ಮಕ್ಕಳು ಮೊಮ್ಮಕ್ಕಳಾದರು, ಕುಣಿದು ಕುಪ್ಪಳಿಸಿ ಗದ್ದಲ ಎಬ್ಬಿಸಿದರು. ಅಪ್ಸುವಿಗೆ ಹಗಲು ವಿಶ್ರಾಂತಿ ಇಲ್ಲ, ರಾತ್ರಿ ನಿದ್ದೆ ಇಲ್ಲ. ಇವರನ್ನೆಲ್ಲ ಮುಗಿಸಿಬಿಡೋಣ ಎಂದ. ‘ನಾವೇ ಹೆತ್ತದ್ದನ್ನು ನಾವೇ ಹಾಳು ಮಾಡುವುದೇ’ ಎಂದು ತಿಯಾಮತ್ ರೇಗಿದಳು. ಎಲ್ಲ ಅಜ್ಜಿಯರೂ ಹೇಳುವ ಮಾತು. ಎಲ್ಲ ಅಜ್ಜಂದಿರ ಹಾಗೆ ಅಪ್ಸುವೂ ಕೇಳಲಿಲ್ಲ.

ಸುದ್ದಿ ಮೊಮ್ಮಕ್ಕಳ ಪೈಕಿ ಜಾಣನಾದ ಏಯನ ಕಿವಿಗೆ ಬಿತ್ತು. ಅವನು ಮಂತ್ರ ಹಾಕಿ ಅಜ್ಜನಿಗೆ ಸೊಗಸಾದ ನಿದ್ದೆ ಬರಿಸಿದ. ಆಮೇಲೆ ಕೊಂದ. ಕೇಳಿದ್ದು ನಿದ್ದೆ, ಸಿಕ್ಕಿದ್ದೂ ನಿದ್ದೆಯೇ. ಇಷ್ಟು ಓದಿದ ಮೇಲೂ ನಾನು ಕಿಟಕಿಯಲ್ಲಿ ನಿಂತು ಗದರುತ್ತೇನೆ ಎಂದರೆ ನನ್ನ ಧೈರ್ಯ ಮೆಚ್ಚಬೇಕು.

ಏಯನ ಮಗ ಮರ್ದೂಕ್. ಅವನ ತಾತ ಅನು ಮುದ್ದಿನಿಂದ ನಾಲ್ಕು ಗಾಳಿಗಳನ್ನು ಮಾಡಿ, ಆಡಿಕೋ ಮಗನೇ ಎಂದು ಕೊಟ್ಟ. ತಾತಂದಿರು ಆಟದ ಸಾಮಾನು ಆರಿಸುವುದೇ ಹೀಗೆ. ನಾನೂ ಹೋದ ವರ್ಷ ಪೀಪಿ ತಂದುಕೊಟ್ಟು ಅನುಭವಿಸಿದ್ದೇನೆ. ಹುಡುಗ ಬಿರುಗಾಳಿ ಎಬ್ಬಿಸಿ ತಿಯಾಮತಳನ್ನು ಕಲಕಿಬಿಟ್ಟ. ನಿದ್ದೆಗೆಟ್ಟ ಕೆಲವು ದೇವತೆಗಳು ಹೋಗಿ ಅವಳನ್ನು ಚುಚ್ಚಿದರು. ಈ ಸಲ ಅಜ್ಜಿಯ ತಾಳ್ಮೆಯೂ ಕೆಟ್ಟಿತು. ಹಾವು, ಚೇಳುಮನುಷ್ಯ, ಮೀನುಮನುಷ್ಯ ಎಂದು ಹನ್ನೊಂದು ಬಗೆಯ ಭೂತಗಳನ್ನು ಹೆತ್ತು ಯುದ್ಧಕ್ಕೆ ನಿಂತಳು. ದೊಡ್ಡವರೆಲ್ಲ ಹೆದರಿ ಹಿಂದೆ ಸರಿದಾಗ ಮರ್ದೂಕ್ ಮುಂದೆ ಬಂದ. ಆದರೆ ಪುಕ್ಕಟೆ ಅಲ್ಲ. ಗೆದ್ದರೆ ನಾನೇ ಎಲ್ಲರಿಗೂ ಒಡೆಯ ಎಂಬ ಕರಾರು. ದೇವತೆಗಳು ಸಭೆ ಸೇರಿ, ಉಂಡು, ಕುಡಿದು, ಅಮಲೇರಿದ ಮೇಲೆ ಹೂಂ ಅಂದರು.

ಮುಂದಿನದು ನನ್ನ ಈಳಿಗೆ ಮಣೆಯ ಕಥೆ. ತಿಯಾಮತ್ ಬಾಯಿ ತೆರೆದಾಗ ಮರ್ದೂಕ್ ಗಾಳಿ ತುಂಬಿ ಮುಚ್ಚದ ಹಾಗೆ ಮಾಡಿದ, ಉಬ್ಬಿದ ಹೊಟ್ಟೆಗೆ ಬಾಣ ಬಿಟ್ಟ. ಆಮೇಲೆ ಒಣಮೀನು ಸೀಳುವ ಹಾಗೆ ಎರಡು ಹೋಳು ಮಾಡಿದ. ಒಂದು ಹೋಳು ಮೇಲಕ್ಕೆ, ಅದು ಆಕಾಶ. ಇನ್ನೊಂದು ಕೆಳಕ್ಕೆ, ಅದು ಭೂಮಿ. ಅವಳ ಕಣ್ಣುಗಳಿಂದ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಹರಿದವು. ನಕ್ಷತ್ರಗಳನ್ನು ಸಾಲಾಗಿ ನಿಲ್ಲಿಸಿ, ವರ್ಷಕ್ಕೆ ಹನ್ನೆರಡು ತಿಂಗಳು ಗೊತ್ತು ಮಾಡಿದ. ಅವಳ ಸೇನಾಪತಿ ಕಿಂಗುವಿನ ನೆತ್ತರಿನಿಂದ ಮನುಷ್ಯನನ್ನು ಮಾಡಿದ್ದಾಯಿತು. ಯಾತಕ್ಕೆ? ದೇವತೆಗಳು ಕೆಲಸ ಬಿಟ್ಟು ವಿಶ್ರಾಂತಿ ಪಡೆಯಲಿ ಎಂದು. ಮತ್ತೆ ನಿದ್ದೆ! ಇಷ್ಟೆಲ್ಲ ಮಾಡಿದ ಮರ್ದೂಕನಿಗೆ ಐವತ್ತು ಹೆಸರಿಟ್ಟು ಹೊಗಳಿದರು. ನನಗೂ ಆವತ್ತು ಅಂಗಳದಿಂದ ಕೆಲವು ಹೆಸರು ಬಂದವು. ಐವತ್ತು ಇರಲಿಲ್ಲ.

ಸೀಳಿ ಸೃಷ್ಟಿಸುವ ಚಟ ಬ್ಯಾಬಿಲೋನಿನವರೊಬ್ಬರದೇ ಎಂದುಕೊಳ್ಳಬೇಡಿ. ಉತ್ತರ ಯುರೋಪಿನ ನಾರ್ಸ್ ಜನರ ಓಡಿನ್ ಮತ್ತು ಅವನ ತಮ್ಮಂದಿರು ಈಮಿರ್ ಎಂಬ ದೈತ್ಯನನ್ನು ಕೊಂದು, ತಲೆಬುರುಡೆಯಿಂದ ಆಕಾಶ, ನೆತ್ತರಿನಿಂದ ಕಡಲು, ಎಲುಬಿನಿಂದ ಬೆಟ್ಟ, ಮಿದುಳಿನಿಂದ ಮೋಡ ಮಾಡಿದರು. ನಮ್ಮ ಪುರಾಣದ ಮಧುಕೈಟಭರ ಮೇದಸ್ಸಿನಿಂದ ಆದದ್ದಕ್ಕೇ ಭೂಮಿಗೆ ಮೇದಿನಿ ಎಂಬ ಹೆಸರು. ಹಳೆಯ ಮನೆ ಕೆಡವಿದವರು ಅದೇ ತೊಲೆ, ಅದೇ ಬಾಗಿಲಿನಿಂದ ಹೊಸ ಮನೆ ಕಟ್ಟುವುದಿಲ್ಲವೇ, ಹಾಗೆ. ಏನೂ ದಂಡವಾಗುವುದಿಲ್ಲ.

ಒಂದೇ ತೊಂದರೆ. ಕೊಯ್ದದ್ದನ್ನು ಕಾಯುತ್ತಲೇ ಇರಬೇಕು. ಮರ್ದೂಕ್ ತಿಯಾಮತಳ ಮೇಲಿನ ಹೋಳಿನಿಂದ ನೀರು ಸೋರದಂತೆ ಕಾವಲು ಹಾಕಿದ. ಅದೂ ಸಾಲದು ಎಂದೋ ಏನೋ, ಬ್ಯಾಬಿಲೋನಿನವರು ನಮ್ಮ ಯುಗಾದಿಯ ಹಾಗೆಯೇ ವಸಂತದಲ್ಲಿ ಬರುವ ಅಕೀತು ಎಂಬ ಹೊಸವರ್ಷದ ಹಬ್ಬದಲ್ಲಿ, ನಾಲ್ಕನೆಯ ದಿನ ಈ ಕಥೆಯನ್ನು ಪೂರ್ತಿ ಪಠಿಸುತ್ತಿದ್ದರು. ಐದನೆಯ ದಿನ ಇನ್ನೂ ಚೆನ್ನ. ಅರ್ಚಕನು ರಾಜನ ರಾಜಚಿಹ್ನೆಗಳನ್ನೆಲ್ಲ ತೆಗೆದಿಟ್ಟು ಕೆನ್ನೆಗೆ ಹೊಡೆಯುತ್ತಿದ್ದ, ಕಿವಿ ಹಿಡಿದು ದೇವರ ಮುಂದೆ ಮಂಡಿಯೂರಿಸುತ್ತಿದ್ದ. ನಾನು ತಪ್ಪು ಮಾಡಿಲ್ಲ, ಊರನ್ನು ಕೆಡಿಸಿಲ್ಲ ಎಂದು ರಾಜ ಒಪ್ಪಿಸಬೇಕು. ಚಿಹ್ನೆಗಳನ್ನು ಹಿಂದಕ್ಕೆ ಕೊಟ್ಟ ಮೇಲೆ ಇನ್ನೊಂದು ಏಟು. ಕಣ್ಣಲ್ಲಿ ನೀರು ಬಂದರೆ ದೇವರು ಪ್ರಸನ್ನ, ಬಾರದಿದ್ದರೆ ರಾಜ್ಯಕ್ಕೆ ಕೇಡು. ಎಷ್ಟು ಒಳ್ಳೆಯ ಪದ್ಧತಿ! ವರ್ಷಕ್ಕೊಮ್ಮೆಯಾದರೂ ಆಳುವವನಿಗೆ ಏಟಿನ ರುಚಿ ಗೊತ್ತಿರಬೇಕು.

ಅವರದೇ ಇನ್ನೊಂದು ಕಥೆ ಅತ್ರಹಾಸಿಸ್. ಅದರಲ್ಲಿ ಮನುಷ್ಯರು ಹೆಚ್ಚಿ ಭೂಮಿ ಗೂಳಿಯ ಹಾಗೆ ಗುಟುರು ಹಾಕಿತು. ಎನ್ಲಿಲ್ ದೇವನಿಗೆ ನಿದ್ದೆ ಇಲ್ಲ. ರೋಗ ಕಳಿಸಿದ, ಬರಗಾಲ ಕಳಿಸಿದ, ಕೊನೆಗೆ ಪ್ರಳಯವನ್ನೇ ಕಳಿಸಿದ. ಪ್ರಳಯವಾದ ಮೇಲೆ ನೈವೇದ್ಯ ಕೊಡುವವರಿಲ್ಲದೆ ದೇವತೆಗಳೇ ಹಸಿದು ಕೂತರು. ಉಳಿದ ಒಬ್ಬ ಅಡಿಗೆ ಅರ್ಪಿಸಿದಾಗ ನೊಣಗಳ ಹಾಗೆ ಮುತ್ತಿದರಂತೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಗಿಲ್ಗಮೆಶನ ಕಥೆಯ ಹುಂಬಾಬ. ದೇವದಾರು ಕಾಡಿಗೆ ಅವನು ಎನ್ಲಿಲ್ ನೇಮಿಸಿದ ಕಾವಲುಗಾರ. ಕಥಾನಾಯಕ ಗಿಲ್ಗಮೆಶ್, ಅವನ ಗೆಳೆಯ ಎಂಕಿಡು ಇಬ್ಬರೂ ಹೋಗಿ ಅವನನ್ನು ಕೊಂದು ಮರ ಕಡಿಯುತ್ತಾರೆ. ಇರಾಕಿನ ಸುಲೈಮಾನಿಯಾ ಮ್ಯೂಸಿಯಮ್ಮಿಗೆ 2011ರಲ್ಲಿ ಈ ಕಾವ್ಯದ ಒಂದು ಹಲಗೆ ಸಿಕ್ಕಿತು. ಆ ಕಾಡು ಎಷ್ಟು ಗದ್ದಲದ್ದು ಎಂಬುದು ಅದರಲ್ಲಿದೆ. ಹಕ್ಕಿಗಳ ಕೂಗು, ಜೀರುಂಡೆಗಳ ಜೀಂಕಾರ, ಮಂಗಗಳ ಕಿರುಚಾಟ. ಅದೆಲ್ಲ ಹುಂಬಾಬನಿಗೆ ದಿನವೂ ಆಸ್ಥಾನದ ಸಂಗೀತ! ರಾಕ್ಷಸನೆಂದು ಹೆಸರು ಪಡೆದವನು ಗದ್ದಲವನ್ನು ಕಚೇರಿಯ ಹಾಗೆ ಕೇಳುತ್ತಿದ್ದ. ವೀರರು ಬಂದರು, ಕಾಡು ನಿಶ್ಶಬ್ದವಾಯಿತು. ಕಾಡನ್ನು ಬರಿದು ಮಾಡಿಬಿಟ್ಟೆವಲ್ಲ ಎಂದು ಆಮೇಲೆ ಎಂಕಿಡುವೇ ಪೇಚಾಡುತ್ತಾನೆ.

ಚೆಂಡು ಕೊಯ್ದ ಆ ಮಧ್ಯಾಹ್ನ ನಮ್ಮ ಅಂಗಳವೂ ಹಾಗೇ ಆಯಿತು. ಪಕ್ಕದ ಮನೆಯ ಮೂವರು ಹೊರಟುಹೋದರು. ಮೊಮ್ಮಕ್ಕಳಿಬ್ಬರೂ ಜಗಲಿಯ ಮೂಲೆಯಲ್ಲಿ ಮೊಬೈಲಿಗೆ ತಲೆ ತಗ್ಗಿಸಿ ಕೂತವು. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಸುವ್ಯವಸ್ಥೆ. ನಾನು ಚಾಪೆಯ ಮೇಲೆ ಈ ಮಗ್ಗುಲಿಗೆ ಹೊರಳಿದೆ, ಆ ಮಗ್ಗುಲಿಗೆ ಹೊರಳಿದೆ. ಗಡಿಯಾರದ ಟಿಕ್ ಟಿಕ್, ಬೆರಳಿನ ಚುಳುಕ್ ಚುಳುಕ್. ನಿದ್ದೆ ಬರಲಿಲ್ಲ.

ನಾಲ್ಕು ಗಂಟೆಗೆ ಎದ್ದು ಅಂಗಡಿಗೆ ಹೋಗಿ ಹೊಸ ಚೆಂಡು ತಂದೆ. ಒಂದಲ್ಲ, ಎರಡು. ಹಳೆಯದರ ಒಂದು ಹೋಳು ಈಗ ಬಚ್ಚಲಿನಲ್ಲಿ ಸೋಪಿನ ಬಟ್ಟಲು. ಇನ್ನೊಂದನ್ನು ಚಿಕ್ಕವನು ತನ್ನ ಗೊಂಬೆಗೆ ಹೆಲ್ಮೆಟ್ಟು ಮಾಡಿದ್ದಾನೆ. ಈಳಿಗೆ ಮಣೆ ನನ್ನ ಕೈಗೆ ಸಿಗದ ಹಾಗೆ ಅಟ್ಟ ಸೇರಿದೆ.

ನಿಮ್ಮ ಕಿಟಕಿಯಿಂದಲೂ ಒಂದು ದಿನ ಚೆಂಡು ಬಂದೀತು. ಕೊಯ್ಯಬೇಡಿ, ಎಸೆದುಬಿಡಿ. ನಿದ್ದೆಯಂತೂ ಆಗಲೇ ಹೋಗಿರುತ್ತದೆ.