ಪಕ್ಕದ ಸೀಟಿನ ರೇಟು

ಬೆಂಗಳೂರಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಬೆಲ್ಟು ಬಿಗಿಯುವ ಮೊದಲೇ ನಮ್ಮತ್ತೆ ಕಿಟಕಿ ಬದಿಯ ಹುಡುಗನನ್ನು ಕೇಳಿಯೇಬಿಟ್ಟರು, "ಎಷ್ಟು ಕೊಟ್ಯಪ್ಪಾ ಟಿಕೆಟ್ಟಿಗೆ?" ಅವನು ಹೇಳಿದ್ದು ನಮ್ಮದರ ಅರ್ಧಕ್ಕಿಂತ ಕಡಿಮೆ. ಅತ್ತೆ ನನ್ನ ಕಡೆ ತಿರುಗಿದರು. ನಾನು ಸುರಕ್ಷತಾ ಸೂಚನೆಯ ಹಾಳೆಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

ಸಂತೆಯಲ್ಲಿ ಸೊಪ್ಪಿನವಳು ಹೊತ್ತು ಮುಳುಗುತ್ತಿದ್ದಂತೆ ರೇಟು ಇಳಿಸುತ್ತಾಳೆ. ಬಾಗಿಲು ಮುಚ್ಚಿದ ವಿಮಾನದ ಖಾಲಿ ಸೀಟೂ ಬಾಡಿದ ಸೊಪ್ಪೇ ತಾನೆ? ಆದರೆ ವಿಮಾನದವರು ಹೊತ್ತು ಮುಳುಗಿದಷ್ಟೂ ಏರಿಸುತ್ತಾರೆ. ಕಡೇ ಗಳಿಗೆಯಲ್ಲಿ ಓಡಿ ಬರುವವನಿಗೆ ಚೌಕಾಸಿಗೆ ಪುರುಸೊತ್ತಿರುವುದಿಲ್ಲವಲ್ಲ! ಅವನಿಗಾಗಿ ಎಷ್ಟು ಸೀಟು ಕಾದಿಡಬೇಕು ಅನ್ನುವುದೇ ಈ ವಿದ್ಯೆಯ ತಿರುಳು. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬಾತ ಅದಕ್ಕೊಂದು ಸೂತ್ರ ಕಟ್ಟಿದ. ಅಗ್ಗದ ಟಿಕೆಟ್ಟು 3000, ದುಬಾರಿಯದು 9000 ಅನ್ನಿ. ಆ ಸೀಟು ದುಬಾರಿಗೆ ಬಿಕರಿಯಾಗುವ ಸಂಭವ ಮೂರರಲ್ಲೊಂದಕ್ಕಿಂತ ಹೆಚ್ಚಿದ್ದರೆ, ಮೂರು ಸಾವಿರ ಎಣಿಸಿ ಹಿಡಿದು ನಿಂತವನಿಗೂ "ಇಲ್ಲ" ಅನ್ನಬೇಕು. ಕೆಲವೊಮ್ಮೆ ಸೀಟು ಖಾಲಿ ಹಾರೀತು. ಒಟ್ಟು ಲೆಕ್ಕದಲ್ಲಿ ಲಾಭವೇ.

ಹೀಗಾಗಿ ಮೊಣಕಾಲು ತಾಗುವ ಅದೇ ಎಕಾನಮಿ ಸೀಟುಗಳನ್ನು ವೈ, ಎಂ, ಕ್ಯೂ ಎಂಬಂಥ ಅಕ್ಷರಗಳ ಬಕೆಟ್ಟುಗಳಲ್ಲಿ ಹಂಚಿಟ್ಟಿರುತ್ತಾರೆ. ಅಗ್ಗದ ಬಕೆಟ್ಟು ಬರಿದಾದರೆ ಮೇಲಿನದು. ನಾವು ನಾಲ್ವರು ಒಟ್ಟಿಗೆ ಬುಕ್ ಮಾಡಿದೆವು. ಅಗ್ಗದ್ದರಲ್ಲಿ ಎರಡೇ ಉಳಿದಿದ್ದವೋ ಏನೋ. ಹಾಗಾದಾಗ ಕಂಪ್ಯೂಟರು ಸಾಮಾನ್ಯವಾಗಿ ನಾಲ್ವರಿಗೂ ಜಾಗವಿರುವ ಬಕೆಟ್ಟಿನ ರೇಟನ್ನೇ ಎಲ್ಲರ ತಲೆಗೂ ಕಟ್ಟುತ್ತದೆ. ಅವಿಭಕ್ತ ಕುಟುಂಬಕ್ಕೆ ಆದಾಯ ತೆರಿಗೆಯವರು ತೋರುವ ಕರುಣೆ ಇಲ್ಲಿಲ್ಲ. ಅಷ್ಟು ಕೊಟ್ಟೂ ಕೂತದ್ದು ಎರಡು ಬೇರೆ ಸಾಲುಗಳಲ್ಲಿ.

"ಒಂದು ರೂಪಾಯಿಗೆ ವಿಮಾನ ಹತ್ತಿಸ್ತಿದ್ರಲ್ಲೋ ಆಗ!" ಅಂದರು ಅತ್ತೆ. ನಿಜ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಹಾರಿಸಿದ ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ಟು ಮಾರಿತು. ತೆರಿಗೆ ಬೇರೆ. ಅಂಥವು ಕೆಲವೇ ಸೀಟು. ಮೊದಲು ಬಂದವರ ಪಾಲು. ಅತ್ತೆಗೆ ಇದನ್ನು ವಿವರಿಸುವ ಧೈರ್ಯ ನನಗೆ ಬರಲಿಲ್ಲ.

ಕಿಟಕಿ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮುಂದಿನ ಸಾಲಿನ ಟೈ ಕಟ್ಟಿದವರು ಜಾಸ್ತಿ ತೆತ್ತದ್ದರಿಂದಲೇ ಅವನಿಗೆ ಅಷ್ಟು ಅಗ್ಗ. ಸಿಟ್ಟು ಬರುವುದು ಒಂದೇ ವಿಚಾರಕ್ಕೆ: ನಾಳೆ ಬೆಳಿಗ್ಗೆಯೇ ಹೊರಡಬೇಕು ಅಂದರೆ ಸೂತ್ರಕ್ಕೆ ಮೀಟಿಂಗಿಗೆ ಹೋಗುವವನೂ ಮಣ್ಣಿಗೆ ಹೋಗುವವನೂ ಒಂದೇ. ಮೀಟಿಂಗಿನವನ ಬಿಲ್ಲನ್ನಾದರೂ ಆಫೀಸು ಕಟ್ಟುತ್ತದೆ.