ಕೊಂಡಿ ತಪ್ಪಿದ ರಜಾ

(ಹುನಗುಂದದಿಂದ ಇಳಕಲ್‌ಗೆ ಹೊರಟ ಬಸ್ಸು. ಬಾಗಲಕೋಟೆಯ ಸರ್ಕಾರಿ ಗುಮಾಸ್ತ, ಇಳಕಲ್ಲಿನ ನೇಕಾರ, ಗ್ರಾನೈಟ್ ಪಾಲಿಶ್ ಹುಡುಗ. ಎಲ್ಲರೂ ಕಲ್ಪಿತರು, ಸಂಕಟ ಮಾತ್ರ ಅಲ್ಲ.)

ಗುಮಾಸ್ತ: ಘೋರ ಅನ್ಯಾಯ ರೀ! 2025ರಾಗ ಜನವರಿ 26 ಭಾನುವಾರ, ಯುಗಾದಿ ಭಾನುವಾರ. 2026ರಾಗ ಶಿವರಾತ್ರಿ, ರಾಜ್ಯೋತ್ಸವ ಎರಡೂ ಭಾನುವಾರ!

ನೇಕಾರ: ಎರಡನೇ, ನಾಲ್ಕನೇ ಶನಿವಾರ ನಿಮಗ ಸೂಟಿ ಅಲ್ಲೇನ್ರಿ?

ಗುಮಾಸ್ತ: ಅದು ಬ್ಯಾರೆ. ಅಮೆರಿಕದ ಸರ್ಕಾರಿ ನೌಕರರಿಗೆ ಭಾನುವಾರದ ರಜಾ ಸೋಮವಾರಕ್ಕ ಜಾರತೈತಿ, ಶನಿವಾರದ್ದು ಶುಕ್ರವಾರಕ್ಕ. ನಮ್ಮ ರಜಾ ಪಟ್ಟಿಯೊಳಗ ಭಾನುವಾರದ ಹಬ್ಬಕ್ಕ ಅಡಿಟಿಪ್ಪಣಿ ಬರದು ತಿಥಿ ಮಾಡ್ತಾರ!

ನೇಕಾರ: ನಾವು ಸೀರಿ ಒಡಲಿಗೆ ಸೆರಗು ಕೊಂಡಿ ಹಾಕಿದಂಗ, ಹಬ್ಬಕ್ಕ ಸೋಮವಾರ ಕೊಂಡಿ ಹಾಕಬೇಕಂತೀರಿ.

ಹುಡುಗ: 1963ರ ಹಬ್ಬದ ರಜಾ ಕಾಯ್ದೆಯೊಳಗ ನಮಗೂ ವರ್ಷಕ್ಕ 10 ಪಗಾರದ ರಜಾ ಅದಾವಂತ. ಮಾಲಕರನ್ನ ಕೇಳಿದ್ನಿ. "ಕೊಟ್ಟೀನಲ್ಲೋ, ಎಲ್ಲಾ ಭಾನುವಾರಕ್ಕ ಇಟ್ಟೀನಿ" ಅಂದ್ರು.

ಗುಮಾಸ್ತ: ಬಾದಾಮಿ ಬನಶಂಕರಿ ಜಾತ್ರಿಗೆ?

ಹುಡುಗ: "ತೇರು ಎಳಿಯೋದು ಸಂಜಿಗೆ, ಪಾಳಿ ಮುಗಿಸಿ ಓಡು."

(ಗುಮಾಸ್ತರು ಕಿಟಕಿಯಾಚೆಗಿನ ಕೆಂಪು ಕಲ್ಲು ನೋಡುತ್ತಾರೆ. ಕಲ್ಲಿಗೆ ರಜೆಯ ಚಿಂತೆಯಿಲ್ಲ.)

ಗುಮಾಸ್ತ: ನಿಮ್ಮ ಭಾನುವಾರ ಹೆಂಗ, ಅಜ್ಜಾರ?

ನೇಕಾರ: ನಮ್ಮದು ಸೀರಿ ಲೆಕ್ಕದ ಕೂಲಿ. ನೇಯ್ದ್ರ ರೊಕ್ಕ. ಕುಣಿ ಮಗ್ಗಕ್ಕ ಕ್ಯಾಲೆಂಡರ್ ಇಲ್ಲ.